ಮುಂದಿನ ಸೀಟು ಯಾರದು?

ವಿಮಾನ ಕಂಪನಿಗಳು ಕಾಯಂ ಪ್ರಯಾಣಿಕರಿಗೆ ಕೊಡುವ ಪಾಯಿಂಟುಗಳು ಅವುಗಳ ಲೆಕ್ಕಪುಸ್ತಕದಲ್ಲಿ ಸಾಲದ ಕಡೆ ಕೂರುತ್ತವೆ. ನಮ್ಮಲ್ಲಿ 2018ರ ಏಪ್ರಿಲ್‌ನಿಂದ ಜಾರಿಗೆ ಬಂದ ಇಂಡ್ ಎಎಸ್ 115 ಎಂಬ ಲೆಕ್ಕಪತ್ರ ನಿಯಮದ ಪ್ರಕಾರ, ನಾವು ಟಿಕೆಟ್ಟಿಗೆ ಕೊಟ್ಟ ಹಣದಲ್ಲಿ ಒಂದು ಪಾಲನ್ನು ಕಂಪನಿ ಆಗಲೇ ಆದಾಯ ಅಂತ ಬರೆದುಕೊಳ್ಳುವ ಹಾಗಿಲ್ಲ. ಈ ಮನುಷ್ಯನಿಗೆ ಇಷ್ಟು ಸೇವೆ ಇನ್ನೂ ಬಾಕಿ ಇದೆ ಎಂದು ತೋರಿಸಬೇಕು. ನಾನು ಲೆಕ್ಕಪರಿಶೋಧಕ. ಸಹಕಾರ ಸಂಘಗಳ ಅಡಿಕೆ ಲೆಕ್ಕದಿಂದ ಶುರುಮಾಡಿ ಬೆಂಗಳೂರಿನ ಸಂಸ್ಥೆಯೊಂದರ ಕೆಲಸಕ್ಕೆ ಊರೂರು ಹಾರುವವರೆಗೆ ಬಂದವನು. ಹಾಗಾಗಿ ಜೇಬಿನಲ್ಲಿರುವ ಸದಸ್ಯತ್ವದ ಕಾರ್ಡುಗಳನ್ನು ನೋಡಿದಾಗ ನನಗೆ ಗೌರವ ಸಿಕ್ಕಿದ ಹಾಗೆ ಅನ್ನಿಸುವುದಿಲ್ಲ. ಬರಬೇಕಾದ ಬಾಕಿ ಕಾಣುತ್ತದೆ. ವಸೂಲಾಗುತ್ತೋ ಇಲ್ಲವೋ ಎಂಬ ಅನುಮಾನವೂ ಜೊತೆಗೇ ಬರುತ್ತದೆ.

ಕಂಪನಿ ಕಂಪನಿಗಳನ್ನು ಎದುರುಬದುರು ಇಟ್ಟು ನೋಡುವ ಚಟ ಮಾತ್ರ ವಿಮಾನದಿಂದ ಹತ್ತಿದ್ದಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಹುಟ್ಟಿದವರಿಗೆ ಅದು ಬಸ್ಸಿನಿಂದ ಹತ್ತಿದ್ದು. ಮದುವೆಮನೆಯ ಚಪ್ಪರದಲ್ಲಿ ಊಟದ ಎರಡನೇ ಪಂಕ್ತಿಗೆ ಕಾಯುತ್ತಾ ಕೂತ ಗಂಡಸರ ಮಾತು ಕೇಳಬೇಕು. ಅಡಿಕೆ ಧಾರಣೆ ಮುಗಿದ ಮೇಲೆ ಮಳೆ, ಮಳೆ ಮುಗಿದ ಮೇಲೆ ಬಸ್ಸು. ಗಜಾನನ ಕಂಪನಿಯ ಡ್ರೈವರ್ ಒಳ್ಳೆಯವನೋ ಸಹಕಾರ ಸಾರಿಗೆಯ ಡ್ರೈವರ್ ಒಳ್ಳೆಯವನೋ, ಯಾರ ಗಾಡಿಯ ಟಯರು ಹೊಸದು, ಯಾವ ಬಸ್ಸು ಮಳೆಗಾಲದಲ್ಲಿ ಕೈಕೊಡುವುದಿಲ್ಲ. ‘ಅದೆಂತ ಬಸ್ಸು ಮಾರಾಯ್ರೆ, ಆನಂದಪುರ ದಾಟೂಕೆ ಒಂದ್ ಗಂಟೆ’ ಎಂದು ಒಬ್ಬರು ಅಂದರೆ, ಇನ್ನೊಬ್ಬರು ತಮ್ಮ ಕಂಪನಿಯ ಪರವಾಗಿ ವಕಾಲತ್ತು ವಹಿಸುತ್ತಿದ್ದರು. ಆ ಕಂಪನಿಯಲ್ಲಿ ಅವರಿಗೆ ಒಂದು ಪೈಸೆ ಪಾಲೂ ಇರುತ್ತಿರಲಿಲ್ಲ.

ಈ ಮೂರು ತಾಲ್ಲೂಕುಗಳಲ್ಲಿ ಸಾಗಣೆ ಬಹಳ ಹಿಂದಿನಿಂದಲೂ ಖಾಸಗಿಯವರ ಕಸುಬು. ಕೆಳದಿ ಅರಸರ ಬಿದನೂರು, ಅಂದರೆ ಇವತ್ತಿನ ಹೊಸನಗರ ತಾಲ್ಲೂಕಿನ ನಗರ, ಸಮೃದ್ಧವಾಗಿದ್ದ ಕಾಲದಲ್ಲಿ ಮೆಣಸು ಅಕ್ಕಿಗಳು ಹೇರೆತ್ತಿನ ಬೆನ್ನ ಮೇಲೆ ಘಟ್ಟ ಇಳಿದು ಕರಾವಳಿಯ ಬಂದರುಗಳಿಗೆ ಹೋಗುತ್ತಿದ್ದವು. ಮೆಣಸಿಗಾಗಿಯೇ ಪೋರ್ಚುಗೀಸರು ಕೆಳದಿಯವರ ಜೊತೆ ಮತ್ತೆ ಮತ್ತೆ ಕರಾರು ಮಾಡಿಕೊಂಡರು. ಬಿರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ. ಅದು ಅರಸಾಳು, ಆನಂದಪುರ, ಸಾಗರಗಳನ್ನು ಹಾದು ತಾಳಗುಪ್ಪ ಮುಟ್ಟುವ ಹೊತ್ತಿಗೆ 1940 ಆಗಿತ್ತು. ಆ ನಲವತ್ತು ವರ್ಷಗಳ ಎಡೆಯಲ್ಲೇ ಮೋಟಾರು ಬಸ್ಸು ಘಟ್ಟದ ಮೇಲೂ ಕೆಳಗೂ ಬೇರು ಬಿಟ್ಟಿತು. ಮಂಗಳೂರಿನಲ್ಲಿ ಸಿಪಿಸಿ, ಅಂದರೆ ಕೆನರಾ ಪಬ್ಲಿಕ್ ಕನ್ವೆಯನ್ಸ್ ಕಂಪನಿ, 1914ರಲ್ಲೇ ಹುಟ್ಟಿತ್ತು. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಬಸ್ಸಿನ ಹಿಂದೆ ಇದ್ದಿಲ ಒಲೆ ಕಟ್ಟಿಕೊಂಡು ಅದರ ಗ್ಯಾಸಿನಲ್ಲಿ ಓಡಿಸಿದರು. ನಮ್ಮ ಅಜ್ಜನ ತಲೆಮಾರಿನವರು ಅದನ್ನು ‘ಇದ್ದಿಲು ಬಸ್ಸು’ ಎಂದೇ ಕರೆಯುತ್ತಿದ್ದರು. ಏರಿನಲ್ಲಿ ಗಂಡಸರು ಇಳಿದು ನಡೆಯಬೇಕಿತ್ತಂತೆ, ಬಸ್ಸು ಹಿಂದಿನಿಂದ ಬಂದು ಕೂಡಿಕೊಳ್ಳುತ್ತಿತ್ತಂತೆ.

ಸ್ವಾತಂತ್ರ್ಯ ಬಂದ ಮರುವರ್ಷ, 1948ರ ಸೆಪ್ಟೆಂಬರ್ 12ರಂದು, ಮೈಸೂರು ಸರ್ಕಾರ 120 ಬಸ್ಸುಗಳೊಂದಿಗೆ ತನ್ನದೇ ಸಾರಿಗೆ ಇಲಾಖೆ ಆರಂಭಿಸಿತು. ಮುಂದೆ 1961ರಲ್ಲಿ ಅದು ನಿಗಮವಾಯಿತು. 1956ರಲ್ಲಿ ಮೋಟಾರು ವಾಹನ ಕಾಯಿದೆಗೆ ಸೇರಿಸಿದ ಒಂದು ಅಧ್ಯಾಯ, ಯಾವ ಮಾರ್ಗವನ್ನಾದರೂ ಸರ್ಕಾರ ತನಗಾಗಿ ಕಾದಿರಿಸಿಕೊಳ್ಳಬಹುದೆಂಬ ಅಧಿಕಾರ ಕೊಟ್ಟಿತು. ಬಯಲುಸೀಮೆಯ ಮಾರ್ಗಗಳು ಒಂದೊಂದಾಗಿ ಸರ್ಕಾರದ ಪಾಲಾದವು. ಆದರೆ ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಮಲೆನಾಡು ಭಾಗದಲ್ಲಿ, ಘಟ್ಟದ ಕೆಳಗಿನ ಕರಾವಳಿಯಲ್ಲಿ, ಕಂಪನಿ ಬಸ್ಸುಗಳೇ ಮೆರೆದವು. ಇದಕ್ಕೆ ಕಾರಣ ಹುಡುಕಲು ವಿಧಾನಸೌಧಕ್ಕೆ ಹೋಗಬೇಕಿಲ್ಲ. ಹೊಸನಗರದ ರಸ್ತೆಯಲ್ಲಿ ಜುಲೈ ತಿಂಗಳಲ್ಲಿ ಒಮ್ಮೆ ಹೋಗಿ ಬಂದರೆ ಸಾಕು. ಒಂದೊಂದು ಮನೆ ಒಂದೊಂದು ಗುಡ್ಡದ ಬುಡಕ್ಕೆ. ಹತ್ತುವವರು ವಿರಳ, ತಿರುವುಗಳು ವಿಪರೀತ, ರಸ್ತೆ ಆರು ತಿಂಗಳು ಕೆಸರು. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಉದ್ದನೆಯ ಬಸ್ಸು ತಿರುಗದೆ ಮಿನಿ ಬಸ್ಸೇ ಇಳಿಯಬೇಕು. ಇಂಥ ಕಡೆ ಬಸ್ಸು ಓಡಿಸಿ ಲಾಭ ತೋರಿಸಬೇಕಾದರೆ ಡ್ರೈವರಿಗೆ ಪ್ರತಿಯೊಂದು ಮನೆಯೂ ಗೊತ್ತಿರಬೇಕು.

ಗೊತ್ತಿರುತ್ತಿತ್ತು ಕೂಡ. ನಾನು ಸಾಗರದ ಲಾಲ್ ಬಹದ್ದೂರ್ ಕಾಲೇಜಿನಲ್ಲಿ ಓದುವಾಗ ನನ್ನ ಮಧ್ಯಾಹ್ನದ ಊಟ ಬಟ್ಟೆಮಲ್ಲಪ್ಪದ ಕಡೆಯಿಂದ ಬಸ್ಸಿನಲ್ಲಿ ಬರುತ್ತಿತ್ತು. ಬೆಳಿಗ್ಗೆ ಅಮ್ಮ ರಸ್ತೆಗೆ ತಂದು ಕೊಟ್ಟ ಕ್ಯಾರಿಯರನ್ನು ಕ್ಲೀನರ್ ಹುಡುಗ ಡ್ರೈವರ್ ಪಕ್ಕದ ಬಾನೆಟ್ ಹತ್ತಿರ ಇಡುತ್ತಿದ್ದ. ಸಾಗರದ ಸ್ಟ್ಯಾಂಡಿನಲ್ಲಿ ಹಾಗೆ ಬಂದ ಕ್ಯಾರಿಯರುಗಳು ಸಾಲಾಗಿ ಇಳಿಯುತ್ತಿದ್ದವು. ಚೀಟಿ ಇಲ್ಲ, ನಂಬರಿಲ್ಲ. ಯಾವುದು ಯಾರದೆಂದು ಹುಡುಗನಿಗೆ ಗೊತ್ತು. ಸಂಜೆ ಖಾಲಿ ಕ್ಯಾರಿಯರು ಅದೇ ಬಸ್ಸಿನಲ್ಲಿ ವಾಪಸು. ಇದೇ ದಾರಿಯಲ್ಲಿ ಔಷಧಿ ಬರುತ್ತಿತ್ತು, ಪೇಪರಿನ ಕಟ್ಟು ಬರುತ್ತಿತ್ತು, ಬೇಲಿ ದಾಟಿದ ದನದ ಸುದ್ದಿಯೂ ಬರುತ್ತಿತ್ತು. ಟಾಪಿನ ಮೇಲೆ ಅಡಿಕೆ ಮೂಟೆ, ಹಲಸಿನಕಾಯಿ, ಮದುವೆಮನೆಯ ಪಾತ್ರೆ. ಯಾವುದಕ್ಕೆ ಲಗೇಜು ಕಾಸು, ಯಾವುದಕ್ಕೆ ಬೇಡ ಎಂಬುದು ಕಂಡಕ್ಟರನ ವಿವೇಚನೆ. ಈಗ ಸೂಟ್‌ಕೇಸನ್ನು 15 ಕಿಲೋ ತೂಗಿ ಹದಿನಾರನೇ ಕಿಲೋಗೆ ಹಣ ಕೇಳುವ ಕೌಂಟರಿನ ಮುಂದೆ ನಿಂತಾಗ ಆ ವಿವೇಚನೆ ನೆನಪಾಗದೆ ಇರುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಸೇವೆ ಹಾಲ್ಟಿಂಗ್ ಬಸ್ಸು. ರಾತ್ರಿ ಏಳೆಂಟು ಗಂಟೆಗೆ ಪೇಟೆಯಿಂದ ಹೊರಟು ಒಳಗಿನ ಊರಿನಲ್ಲಿ ತಂಗಿ ಬೆಳಗಿನ ಜಾವ ಮತ್ತೆ ಪೇಟೆಗೆ ಹೊರಡುವ ಬಸ್ಸು ಅದು. ಡ್ರೈವರು ಕಂಡಕ್ಟರು ಬಸ್ಸಿನಲ್ಲೋ ಯಾರದೋ ಜಗಲಿಯಲ್ಲೋ ಮಲಗುತ್ತಿದ್ದರು. ಊಟ ಊರಿನವರದು. ರಾತ್ರಿ ಯಾರಿಗಾದರೂ ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ, ಆ ಬಸ್ಸೇ ಆಂಬುಲೆನ್ಸು. ಮುಂದೆ ನಾನು ಇಂಥ ಸಣ್ಣ ಮಾಲೀಕರ ಲೆಕ್ಕ ನೋಡುವ ಕೆಲಸಕ್ಕೆ ಕೂತಾಗ ಟ್ರಿಪ್ ಶೀಟುಗಳಲ್ಲಿ ಒಂದು ಸಂಗತಿ ಸ್ಪಷ್ಟವಾಗಿ ಕಂಡಿತು. ಹಾಲ್ಟಿಂಗ್ ಟ್ರಿಪ್ಪಿನ ಕಲೆಕ್ಷನ್ ಡೀಸೆಲಿಗೂ ಸಾಲುತ್ತಿರಲಿಲ್ಲ. ಸಾಗರ–ಶಿವಮೊಗ್ಗ ಹೆದ್ದಾರಿಯ ಹಗಲಿನ ಟ್ರಿಪ್ಪು ಅದನ್ನು ಹೊರುತ್ತಿತ್ತು. ‘ಈ ಟ್ರಿಪ್ ನಿಲ್ಲಿಸಿದರೆ ಉಳಿತಾಯ ಆಗ್ತದಲ್ಲ’ ಎಂದು ಒಬ್ಬ ಮಾಲೀಕರಿಗೆ ಹೇಳಿದ್ದೆ. ‘ಸ್ವಾಮೀ, ಆ ಊರಿನವರು ಜಾತ್ರೆಗೆ ಬಸ್ಸು ಮಾಡೋದು ನಮ್ಮಲ್ಲೇ, ದಿಬ್ಬಣಕ್ಕೆ ಮಾಡೋದು ನಮ್ಮಲ್ಲೇ’ ಎಂದರು. ಮೂರು ವರ್ಷಕ್ಕೊಮ್ಮೆ ನಡೆಯುವ ಸಾಗರದ ಮಾರಿಕಾಂಬಾ ಜಾತ್ರೆ, ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆ, ಇವುಗಳ ದಿನ ಯಾವ ಊರಿನ ಜನ ಯಾವ ಬಸ್ಸು ಹತ್ತುತ್ತಾರೆ ಎಂಬುದು ಹೀಗೆ ವರ್ಷಗಟ್ಟಲೆ ರಾತ್ರಿ ತಂಗಿದ ಲೆಕ್ಕದ ಮೇಲೆ ತೀರ್ಮಾನವಾಗುತ್ತಿತ್ತು. ಆ ಬಾಕಿಯನ್ನು ಯಾವ ಖಾತೆಯಲ್ಲೂ ಬರೆದಿರಲಿಲ್ಲ, ವಸೂಲಿ ಮಾತ್ರ ತಪ್ಪುತ್ತಿರಲಿಲ್ಲ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಹಳೆಯ ಬಸ್ಸಿನ ಗುಣಗಾನ ಮಾಡುವವರು ಅದನ್ನು ಬಿಟ್ಟುಬಿಡುತ್ತಾರೆ. ಬಸ್ಸಿಗೆ ನಮ್ಮ ಮನೆ ಗೊತ್ತಿದ್ದ ಹಾಗೆ ನಮ್ಮ ಜಾತಿಯೂ ಗೊತ್ತಿತ್ತು. ಡ್ರೈವರ್ ಹಿಂದಿನ ಮೊದಲ ಸಾಲು ಒಡೆಯರಿಗೆ, ಪಟೇಲರಿಗೆ, ಶಾನುಭೋಗರಿಗೆ. ಅವರು ಹತ್ತಿದರೆ ಕಂಡಕ್ಟರು ಯಾರನ್ನು ಎಬ್ಬಿಸಬೇಕೆಂದು ಯೋಚಿಸಬೇಕಿರಲಿಲ್ಲ. ನಮ್ಮದು ಗೇಣಿ ಮನೆ. ಟಿಕೆಟ್ ತೆಗೆದುಕೊಂಡು ಕೂತ ಅಪ್ಪ ಎದ್ದು ಹಿಂದೆ ಹೋಗಿ ನಿಲ್ಲುವುದನ್ನು ನಾನು ಚಿಕ್ಕವನಿದ್ದಾಗ ಎಷ್ಟೋ ಸಲ ನೋಡಿದ್ದೇನೆ. ಯಾರೂ ಗದರುತ್ತಿರಲಿಲ್ಲ, ಗದರುವ ಅಗತ್ಯ ಬೀಳುತ್ತಿರಲಿಲ್ಲ. ಇವತ್ತಿನ ಭಾಷೆಯಲ್ಲಿ ಹೇಳುವುದಾದರೆ ಆಗಲೂ ಪ್ಲಾಟಿನಂ, ಗೋಲ್ಡ್, ಸಿಲ್ವರ್ ದರ್ಜೆಗಳಿದ್ದವು. ಆದರೆ ಅವು ಹುಟ್ಟಿನಿಂದ ಬರುತ್ತಿದ್ದವು, ಎಷ್ಟು ಪ್ರಯಾಣ ಮಾಡಿದರೂ ಮೇಲಿನ ದರ್ಜೆಗೆ ಏರುವಂತಿರಲಿಲ್ಲ.

ಈ ದರ್ಜೆಗಳನ್ನು ಅಲುಗಿಸಿದ್ದು ಗೇಣಿದಾರರ ಹೋರಾಟ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರ ಏಪ್ರಿಲ್‌ನಲ್ಲಿ ಶುರುವಾದ ಸತ್ಯಾಗ್ರಹದ ಮೂಲದಲ್ಲಿ ಇದ್ದದ್ದು ಒಂದು ಅಳತೆ. ಗೇಣಿ ಅಳೆದುಕೊಳ್ಳುವ ಕೊಳಗ ದೊಡ್ಡದಾಗಿತ್ತು. ಎಲ್ಲರಿಗೂ ಒಂದೇ ಅಳತೆಯ ಕೊಳಗ ಬೇಕೆಂಬುದು ರೈತರ ಬೇಡಿಕೆ. ಎಚ್. ಗಣಪತಿಯಪ್ಪನವರು ಕಟ್ಟಿದ ರೈತ ಸಂಘ ಹೋರಾಟಕ್ಕೆ ನಿಂತಿತು, ಸಮಾಜವಾದಿಗಳು ಕೈಜೋಡಿಸಿದರು, ಜೂನ್‌ನಲ್ಲಿ ಅವರ ನಾಯಕ ರಾಮಮನೋಹರ ಲೋಹಿಯಾ ಬಂದರು, ಸಾಗರದ ರೈಲು ನಿಲ್ದಾಣದಲ್ಲಿ ಅವರನ್ನು ಬಂಧಿಸಲಾಯಿತು. ಮರುವರ್ಷದ ಚುನಾವಣೆಯಲ್ಲಿ ತೀರ್ಥಹಳ್ಳಿ ಸೀಮೆಯ ಸಮಾಜವಾದಿ ಶಾಂತವೇರಿ ಗೋಪಾಲಗೌಡರು ಶಾಸನಸಭೆಗೆ ಹೋದರು. ಕೊನೆಗೆ 1974ರ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂತು. ಅಪ್ಪ ಗೇಣಿ ಜಮೀನಿನ ಹಕ್ಕು ಕೇಳುವ ಫಾರಂ ನಂಬರ್ 7 ತುಂಬಿಸಿಕೊಂಡು ತಾಲ್ಲೂಕು ಕಚೇರಿಗೆ ಹೋದದ್ದೂ ಬಸ್ಸಿನಲ್ಲೇ. ಹಕ್ಕುಪತ್ರ ಕೈಗೆ ಬಂದ ಮೇಲೆ ಅವರು ಮುಂದಿನ ಸಾಲಿನಲ್ಲಿ ಕೂತರೆಂದು ಬರೆದರೆ ಕಥೆ ಚೆನ್ನಾಗಿರುತ್ತದೆ, ಆದರೆ ಹಾಗಾಗಲಿಲ್ಲ. ಅಭ್ಯಾಸಬಲದಿಂದ ಹಿಂದೆಯೇ ಕೂರುತ್ತಿದ್ದರು. ಎಬ್ಬಿಸುವವರು ಇರಲಿಲ್ಲ, ಅಷ್ಟೇ ವ್ಯತ್ಯಾಸ. ಮುಂದಿನ ಸಾಲಿನಲ್ಲಿ ಕೂತದ್ದು ನಾನು ಮತ್ತು ನನ್ನ ಜೊತೆ ಕಾಲೇಜಿಗೆ ಹೋಗುತ್ತಿದ್ದ ಹುಡುಗರು.

ಆದ್ದರಿಂದ ವಿಮಾನದ ಬೋರ್ಡಿಂಗ್ ಸಾಲಿನಲ್ಲಿ ನಿಂತಾಗ ನನಗೆ ಎರಡು ಮನಸ್ಸು. ಅಲ್ಲಿ ನಾನು ಯಾರಿಗೂ ಗೊತ್ತಿಲ್ಲ, ಅದೊಂದು ದೊಡ್ಡ ನೆಮ್ಮದಿ. ಹಣ ಕೊಟ್ಟವನು ಮೊದಲು ಹತ್ತುತ್ತಾನೆ, ಕೊಡದವನು ಆಮೇಲೆ. ಅದರಲ್ಲಿ ಅವಮಾನ ಇದ್ದರೂ ಅದು ನನ್ನ ಅಪ್ಪ ಅನುಭವಿಸಿದ ಜಾತಿಯದ್ದಲ್ಲ.

ಪಾಯಿಂಟಿನ ಈ ಲೆಕ್ಕ ಬೆಳೆದದ್ದು ಅಮೆರಿಕದಲ್ಲಿ. ಅಲ್ಲಿ 1978ರಲ್ಲಿ ವಿಮಾನಯಾನದ ಮೇಲಿನ ಸರ್ಕಾರಿ ನಿಯಂತ್ರಣ ತೆಗೆದರು. ದರ, ಮಾರ್ಗ ಎಲ್ಲವೂ ಮುಕ್ತವಾದವು. ಎಲ್ಲರೂ ಅದೇ ಬೋಯಿಂಗ್ ಹಾರಿಸುವಾಗ, ದರವೂ ಹತ್ತಿರಹತ್ತಿರ ಒಂದೇ ಇರುವಾಗ, ಪ್ರಯಾಣಿಕ ನಮ್ಮಲ್ಲೇ ಯಾಕೆ ಬರಬೇಕು? ಈ ಪ್ರಶ್ನೆಗೆ ಉತ್ತರವಾಗಿ ಅಮೆರಿಕನ್ ಏರ್‌ಲೈನ್ಸ್ 1981ರ ಮೇ 1ರಂದು ‘ಅಡ್ವಾಂಟೇಜ್’ ಯೋಜನೆ ತಂದಿತು. ಹಾರಿದ ಮೈಲಿಗೆ ಒಂದೊಂದು ಅಂಕ, ಅಂಕ ಕೂಡಿದರೆ ಪುಕ್ಕಟೆ ಟಿಕೆಟ್. ಉಳಿದ ಕಂಪನಿಗಳೂ ಬೆನ್ನಿಗೇ ಬಂದವು. ಕೋವಿಡ್ ವರ್ಷದಲ್ಲಿ ಸಾಲ ಎತ್ತಬೇಕಾಗಿ ಬಂದಾಗ ಅಮೆರಿಕನ್, ಯುನೈಟೆಡ್ ಕಂಪನಿಗಳು ಇದೇ ಯೋಜನೆಗಳನ್ನು ಅಡವಿಟ್ಟವು. ವಿಮಾನಕ್ಕಿಂತ ಪ್ರಯಾಣಿಕರ ಪಟ್ಟಿಯೇ ಬೆಲೆಬಾಳುವ ಆಸ್ತಿಯಾಗಿತ್ತು.

ಅಮೆರಿಕ ವಿಮಾನಗಳ ನಿಯಂತ್ರಣ ತೆಗೆದ ಹತ್ತು ವರ್ಷಕ್ಕೆ ನಮ್ಮ ಕಡೆಯ ಬಸ್ಸಿಗೂ ಬಾಗಿಲು ತೆರೆಯಿತು. 1988ರ ಮೋಟಾರು ವಾಹನ ಕಾಯಿದೆ ಪರ್ಮಿಟ್ ಕೊಡುವುದನ್ನು ಸಡಿಲ ಮಾಡಿದ ಮೇಲೆ ಒಂದು ಬಸ್ಸು, ಎರಡು ಬಸ್ಸಿನ ಮಾಲೀಕರು ಹುಟ್ಟಿಕೊಂಡರು. ಮಲೆನಾಡಿನಲ್ಲಿ ಸ್ಪರ್ಧೆ ಪಾಯಿಂಟು ಹಂಚುವ ರೂಪದಲ್ಲಿ ಬರಲಿಲ್ಲ, ನಿಮಿಷದ ಜಗಳವಾಗಿ ಬಂತು. ಸಾರಿಗೆ ಪ್ರಾಧಿಕಾರ ಕೊಟ್ಟ ಟೈಮಿಂಗಿಗಿಂತ ಎರಡು ನಿಮಿಷ ತಡವಾಗಿ ಹೊರಟರೆ ಹಿಂದಿನ ಬಸ್ಸಿನ ಪ್ಯಾಸೆಂಜರುಗಳನ್ನು ಬಾಚಿಕೊಂಡ ಹಾಗೆ. ಆನಂದಪುರದಲ್ಲೋ ರಿಪ್ಪನ್‌ಪೇಟೆ ಸರ್ಕಲ್ಲಿನಲ್ಲೋ ಇಬ್ಬರು ಕಂಡಕ್ಟರುಗಳು ವಾಚು ತೋರಿಸಿಕೊಂಡು ಬಯ್ದಾಡುವಾಗ ಬಸ್ಸಿನಲ್ಲಿ ಕೂತ ನಾವು ಎರಡು ಪಂಗಡ. ‘ರೈಟ್’ ಎಂದು ಕೂಗಿ ಒಬ್ಬ ಹೊರಟರೆ ಇನ್ನೊಬ್ಬ ಅವನ ಬೆನ್ನು ಹತ್ತುತ್ತಿದ್ದ. ಅಂಥ ಓಟದಲ್ಲಿ ಕೈ ಮಾಡಿದ ಮುದುಕಿಯನ್ನು ಬಿಟ್ಟುಹೋದ ಬಸ್ಸುಗಳೂ ಇವೆ.

ಮಲೆನಾಡಿನ ಬಸ್ಸಿನ ಚರಿತ್ರೆಯಲ್ಲಿ ಇಡೀ ದೇಶ ಓದಬೇಕಾದ ಪುಟ ತೀರ್ಥಹಳ್ಳಿಯ ನೆರೆಯ ಕೊಪ್ಪದ್ದು. ಅಲ್ಲಿ ಶಂಕರ್ ಟ್ರಾನ್ಸ್‌ಪೋರ್ಟ್ ಎಂಬ ದೊಡ್ಡ ಕಂಪನಿ ಇತ್ತು. ಕಾರ್ಮಿಕರಿಗೂ ಮಾಲೀಕರಿಗೂ ಬಿಕ್ಕಟ್ಟಾಗಿ ಕಂಪನಿ ಮುಚ್ಚುವ ಸ್ಥಿತಿ ಬಂದಾಗ ಕೆಲಸಗಾರರಿಗೆ ಬರಬೇಕಾದ ಬಾಕಿಯ ಬದಲಿಗೆ ಬಸ್ಸುಗಳನ್ನೇ ಕೊಟ್ಟರು. ಕೈಗೆ ಬಂದದ್ದು ಆರು ಹಳೆಯ ಬಸ್ಸು. ಅವನ್ನು ಮಾರಿ ಹಣ ಹಂಚಿಕೊಂಡು ಮನೆಗೆ ಹೋಗುವ ಬದಲು 1991ರಲ್ಲಿ ಡ್ರೈವರು, ಕಂಡಕ್ಟರು, ಮೆಕ್ಯಾನಿಕ್‌ಗಳೇ ಸೇರಿ ಸಹಕಾರ ಸಂಘ ಮಾಡಿಕೊಂಡರು. ಅದೇ ಸಹಕಾರ ಸಾರಿಗೆ. ಮೂರು ದಶಕದಲ್ಲಿ ಬಸ್ಸುಗಳ ಸಂಖ್ಯೆ ಎಪ್ಪತ್ತು ದಾಟಿತು. ಕೊಪ್ಪ, ಶೃಂಗೇರಿ, ತೀರ್ಥಹಳ್ಳಿ, ಶಿವಮೊಗ್ಗ, ಘಟ್ಟದ ಕೆಳಗೆ ಉಡುಪಿ, ಮಂಗಳೂರು. ವಿದ್ಯಾರ್ಥಿಗಳಿಗೆ ರಿಯಾಯಿತಿ, ಕಾಫಿ ತೋಟದ ಲೈನುಗಳ ಹತ್ತಿರದ ಸಣ್ಣ ಸ್ಟಾಪುಗಳಿಗೂ ಬಸ್ಸು.

ತೀರ್ಥಹಳ್ಳಿ ಸ್ಟ್ಯಾಂಡಿನಲ್ಲಿ ಬೇರೆ ಬಸ್ಸು ಬಿಟ್ಟು ಸಹಕಾರಕ್ಕೆ ಕಾಯುವವರನ್ನು ನಾನು ಕಂಡಿದ್ದೇನೆ, ನಾನೂ ಕಾದಿದ್ದೇನೆ. ಅವರ ಕಂಡಕ್ಟರು ಚಿಲ್ಲರೆ ಬಾಕಿ ಉಳಿಸಿಕೊಂಡರೆ ಮಾರನೆಯ ವಾರ ಕರೆದು ಕೊಡುತ್ತಿದ್ದರು. ಮಾಲೀಕನೇ ಟಿಕೆಟ್ ಹರಿದು ಕೊಡುವಾಗ ನಡತೆಯೇ ಬೇರೆ. ಹಿರಿಯರು ಕೆಲವರು ಅವರನ್ನು ‘ಓನರೇ’ ಎಂದು ತಮಾಷೆಗೆ ಕರೆಯುತ್ತಿದ್ದರು.

ಇದನ್ನು ವಿಮಾನ ಕಂಪನಿಗಳ ಪಕ್ಕ ಇಟ್ಟು ನೋಡಿ. 2005ರಲ್ಲಿ ಶುರುವಾದ ಕಿಂಗ್‌ಫಿಷರ್ ಏರ್‌ಲೈನ್ಸ್ 2012ರ ಅಕ್ಟೋಬರ್‌ನಲ್ಲಿ ನಿಂತಾಗ ನೌಕರರ ತಿಂಗಳುಗಟ್ಟಲೆ ಸಂಬಳ ಬಾಕಿ ಇತ್ತು. ಪ್ರಯಾಣಿಕರ ‘ಕಿಂಗ್ ಕ್ಲಬ್’ ಅಂಕಗಳೂ ಅದರೊಂದಿಗೇ ಹೋದವು. 2019ರ ಏಪ್ರಿಲ್ 17ರಂದು ಜೆಟ್ ಏರ್‌ವೇಸ್ ಕೊನೆಯ ಹಾರಾಟ ಮಾಡಿತು. ವಿಚಿತ್ರವೆಂದರೆ ಅದರ ‘ಜೆಟ್‌ಪ್ರಿವಿಲೇಜ್’ ಪ್ರತ್ಯೇಕ ಕಂಪನಿಯಾಗಿದ್ದರಿಂದ ಬದುಕಿಕೊಂಡು, ‘ಇಂಟರ್‌ಮೈಲ್ಸ್’ ಎಂದು ಹೆಸರು ಬದಲಿಸಿಕೊಂಡಿತು. ವಿಮಾನ ಹೋದರೂ ಪಾಯಿಂಟು ಉಳಿಯಿತು! ಜನರ ಮಟ್ಟಿಗೆ ವಿಮಾನವನ್ನು ಅಗ್ಗ ಮಾಡಿದವರು ಗೊರೂರಿನ ಕ್ಯಾಪ್ಟನ್ ಗೋಪಿನಾಥ್. 2003ರ ಅವರ ಏರ್ ಡೆಕ್ಕನ್‌ನಲ್ಲಿ ಪಾಯಿಂಟಿನ ಮೋಹವಿರಲಿಲ್ಲ, ಪುಕ್ಕಟೆ ಊಟವಿರಲಿಲ್ಲ. ಮಲೆನಾಡಿನ ಬಸ್ಸಿಗೆ ಸ್ವಭಾವದಲ್ಲಿ ಹತ್ತಿರವಾದ ವಿಮಾನ ಕಂಪನಿ ಅದೊಂದೇ ಎಂದು ನನ್ನ ಅಭಿಪ್ರಾಯ. 2007ರಲ್ಲಿ ಅದು ಕಿಂಗ್‌ಫಿಷರ್ ಕೈಗೆ ಹೋಯಿತು.

ಈಗ ಉಳಿದಿರುವ ದೊಡ್ಡ ಕಂಪನಿಗಳು ಎರಡು. ಇಂಡಿಗೋ 2006ರಲ್ಲಿ ಶುರುವಾಗಿ ಹದಿನೆಂಟು ವರ್ಷ ಎಲ್ಲ ಪ್ರಯಾಣಿಕರಿಗೂ ಪಾಯಿಂಟು ಕೊಡುವ ಯೋಜನೆ ಇಲ್ಲದೆಯೇ ದೇಶದ ಅತಿ ದೊಡ್ಡ ಕಂಪನಿಯಾಯಿತು, 2024ರಲ್ಲಿ ‘ಬ್ಲೂಚಿಪ್’ ತಂದಿತು. ಅಂದರೆ ಪಾಯಿಂಟು ಇಲ್ಲದೆಯೂ ಜನ ಬರುತ್ತಾರೆಂದು ಅದೇ ತೋರಿಸಿಕೊಟ್ಟ ಮೇಲೆ! ದೇಶದೊಳಗೆ ಅದರ ಸಾಮಾನ್ಯ ದರ್ಜೆಯಲ್ಲಿ ತಿನ್ನುವುದೇನಿದ್ದರೂ ಕಾಸು ಕೊಟ್ಟು. ಬಿಸಿನೀರು ಹಾಕಿ ಕೊಡುವ ಡಬ್ಬಿಯ ಉಪ್ಪಿಟ್ಟು ಹಸಿದವನಿಗೆ ಪರವಾಗಿಲ್ಲ. 2022ರ ಜನವರಿಯಲ್ಲಿ ಟಾಟಾದವರ ಕೈಗೆ ಮರಳಿದ ಏರ್ ಇಂಡಿಯಾದಲ್ಲಿ ಊಟ ಸಿಗುತ್ತದೆ. 2024ರ ನವೆಂಬರ್‌ನಲ್ಲಿ ವಿಸ್ತಾರ ಅದರಲ್ಲಿ ಸೇರಿಹೋಯಿತು. ವಿಸ್ತಾರದ ಸೇವೆಯನ್ನು ಮೀರಿಸಿದ ದೇಶೀಯ ಕಂಪನಿಯನ್ನು ನಾನು ಕಂಡಿಲ್ಲ. ಏರ್ ಇಂಡಿಯಾದ ‘ಫ್ಲೈಯಿಂಗ್ ರಿಟರ್ನ್ಸ್’ ಯೋಜನೆ 2024ರ ಏಪ್ರಿಲ್‌ನಲ್ಲಿ ಲೆಕ್ಕದ ಪದ್ಧತಿಯನ್ನೇ ಬದಲಿಸಿತು. ಮೊದಲು ಹಾರಿದ ದೂರಕ್ಕೆ ಅಂಕ, ಈಗ ಖರ್ಚು ಮಾಡಿದ ರೂಪಾಯಿಗೆ ಅಂಕ. ಈಗ ಅದರ ಹೆಸರು ‘ಮಹಾರಾಜ ಕ್ಲಬ್’. ಅಳತೆ ಬದಲಾದದ್ದನ್ನು ಓದಿದಾಗ ನನಗೆ ಕಾಗೋಡಿನ ಕೊಳಗ ನೆನಪಾಯಿತು. ಕೊಡುವಾಗ ಒಂದು ಅಳತೆ, ತೆಗೆದುಕೊಳ್ಳುವಾಗ ಇನ್ನೊಂದು. ಅಳತೆಯ ಪಾತ್ರೆಯೂ ಅದನ್ನು ಬದಲಿಸುವ ಹಕ್ಕೂ ಒಬ್ಬನದೇ. ಸದಸ್ಯತ್ವದ ಷರತ್ತುಗಳಲ್ಲಿ ಇದನ್ನು ಬರೆದೇ ಇರುತ್ತಾರೆ. ಯಾವ ಕಂಪನಿಯೂ ಇದಕ್ಕೆ ಹೊರತಲ್ಲ.

ಸೊಗಾನೆಯಲ್ಲಿ 2023ರ ಫೆಬ್ರವರಿ 27ರಂದು ಕುವೆಂಪು ಹೆಸರಿನ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ತೀರ್ಥಹಳ್ಳಿಯ ಕವಿಯ ಹೆಸರು, ಕಮಲದ ಆಕಾರದ ಕಟ್ಟಡ. ಅದೇ ವರ್ಷದ ಆಗಸ್ಟ್ 31ಕ್ಕೆ ಬೆಂಗಳೂರಿನಿಂದ ಇಂಡಿಗೋದ ಎಟಿಆರ್ ಬಂದಿಳಿಯಿತು. ನವೆಂಬರ್‌ನಲ್ಲಿ ಸ್ಟಾರ್ ಏರ್ ಹೈದರಾಬಾದ್, ತಿರುಪತಿ, ಗೋವಾಗಳಿಗೆ ಶುರುಮಾಡಿತು. ಮುಂದಿನ ವರ್ಷದ ಅಕ್ಟೋಬರ್‌ನಲ್ಲಿ ಸ್ಪೈಸ್‌ಜೆಟ್ ಚೆನ್ನೈ, ಹೈದರಾಬಾದಿಗೆ. ಸ್ಟಾರ್ ಏರ್‌ನ ಎಂಬ್ರೇಯರ್ ವಿಮಾನದಲ್ಲಿ 76 ಸೀಟು, ಅದರಲ್ಲಿ 12 ಬಿಸಿನೆಸ್ ದರ್ಜೆಯವು. ಮಲೆನಾಡಿಗೆ ಮುಂದಿನ ಸಾಲು ಹೀಗೆ ಮತ್ತೊಮ್ಮೆ ಬಂತು. ಸ್ಟಾರ್ ಏರ್‌ನ ಈ ಮಾರ್ಗಗಳು ‘ಉಡಾನ್’ ಯೋಜನೆಯವು. ಅಗ್ಗದ ದರದ ಸೀಟುಗಳಿಂದಾಗುವ ನಷ್ಟವನ್ನು ಸರ್ಕಾರ ಮೂರು ವರ್ಷ ತುಂಬಿಕೊಡುತ್ತದೆ. ಹಾಲ್ಟಿಂಗ್ ಬಸ್ಸಿನ ನಷ್ಟವನ್ನು ಯಾವ ಸರ್ಕಾರವೂ ತುಂಬಿಕೊಡಲಿಲ್ಲ, ಮೂರು ವರ್ಷದ ಗಡುವನ್ನೂ ಯಾರೂ ಹಾಕಿರಲಿಲ್ಲ.

ಆ ವರ್ಷಗಳಲ್ಲೇ ನೆಲದ ಮೇಲೆ ಆದದ್ದು ಬೇರೆ. 2020ರ ಫೆಬ್ರವರಿಯಲ್ಲಿ ಸಹಕಾರ ಸಾರಿಗೆ ನಿಂತಿತು. ಡೀಸೆಲ್ ದರ, ಬಿಡಿಭಾಗದ ಖರ್ಚು, ಏರದ ಕಲೆಕ್ಷನ್, ಕೊನೆಗೆ ಸಂಬಳ ಕೊಡಲಾಗದ ಸ್ಥಿತಿ. ಲಾಕ್‌ಡೌನ್ ಬರುವುದಕ್ಕೆ ತಿಂಗಳ ಮೊದಲೇ ಅದು ಮುಗಿದಿತ್ತು. ಹಾಗಾಗಿ ಕೋವಿಡ್ ಮೇಲೆ ಹೊರಿಸುವ ಹಾಗೂ ಇಲ್ಲ. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂತು. ಒಳ್ಳೆಯದೇ, ಆದರೆ ಸರ್ಕಾರಿ ಬಸ್ಸೇ ಬಾರದ ಹಳ್ಳಿಯ ಹೆಂಗಸಿಗೆ ಅದರಿಂದ ಏನೂ ದಕ್ಕಲಿಲ್ಲ. ಹೆದ್ದಾರಿಯ ಟ್ರಿಪ್ಪಿನಲ್ಲಿ ಖಾಸಗಿ ಬಸ್ಸಿನ ಕಲೆಕ್ಷನ್ ಇಳಿದರೆ ಒಳಗಿನ ಟ್ರಿಪ್ಪನ್ನು ಹೊರುವವರು ಯಾರು ಎಂಬ ಪ್ರಶ್ನೆ ಯಾರ ಕಡತದಲ್ಲೂ ಇದ್ದ ಹಾಗಿಲ್ಲ. ಟ್ರಿಪ್ ಶೀಟು ನೋಡಿದವನಿಗೆ ಆ ಉತ್ತರ ಗೊತ್ತಿರುತ್ತದೆ: ಮೊದಲು ನಿಲ್ಲುವುದು ರಾತ್ರಿಯ ಬಸ್ಸು.

ಒಂದು ಕಡೆ ಮಾತ್ರ ಹಳೆಯ ಬಾಕಿಯೊಂದು ತೀರಿದೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದು ಶರಾವತಿ ಹಿನ್ನೀರು ನಿಂತಾಗ ತುಮರಿ, ಕರೂರು ಸೀಮೆ ಸಾಗರದಿಂದ ಕಡಿದುಹೋಯಿತು. ಬಸ್ಸು ಅಂಬಾರಗೊಡ್ಲಿನವರೆಗೆ, ಆಮೇಲೆ ಲಾಂಚು. ಸಿಗಂದೂರಿನ ದೇವಿಯ ದರ್ಶನಕ್ಕೆ ಬರುವವರೂ, ಹೆರಿಗೆಗೆ ಸಾಗರಕ್ಕೆ ಹೊರಟವಳೂ ಅದೇ ಲಾಂಚಿನ ಸಾಲಿನಲ್ಲಿ. 2025ರ ಜುಲೈ 14ರಂದು ಸುಮಾರು ಎರಡೂವರೆ ಕಿಲೋಮೀಟರಿನ ತೂಗುಕಂಬಿಯ ಸೇತುವೆ ತೆರೆಯಿತು. ದೇಶಕ್ಕೆ ಬೆಳಕು ಕೊಡಲು ಮುಳುಗಿದವರು ಬಸ್ಸಿನಲ್ಲಿ ಕೂತೇ ಹೊಳೆ ದಾಟಲು ಅರವತ್ತು ವರ್ಷ ಕಾಯಬೇಕಾಯಿತು.

ಯಾವುದರಲ್ಲಿ ಹೋಗಬೇಕೆಂದು ನೆಂಟರು ಈಗಲೂ ನನ್ನನ್ನು ಕೇಳುತ್ತಾರೆ. ಸಾಗರದವರು ಬೆಂಗಳೂರಿಗೆ ಹೋಗುವುದಿದ್ದರೆ ತಾಳಗುಪ್ಪದಿಂದ ಬರುವ ರಾತ್ರಿ ರೈಲನ್ನೇ ಹಿಡಿಯಿರಿ, ಸೊಗಾನೆಗೆ ಹೋಗಿ ಕಾಯುವ ಹೊತ್ತಿಗೆ ಅರ್ಧ ದಿನ ಹೋಗಿರುತ್ತದೆ. ತೀರ್ಥಹಳ್ಳಿಯವರಿಗೆ ರಾತ್ರಿ ಬಸ್ಸೇ ಸರಿ. ಸರ್ಕಾರಿ ಬಸ್ಸಾದರೆ ಹೋಗಿಬರುವ ಟಿಕೆಟ್ ಒಟ್ಟಿಗೆ ತೆಗೆಯಿರಿ, ಬರುವಾಗಿನ ದರದಲ್ಲಿ ಶೇ. 10 ಬಿಡುತ್ತಾರೆ. ನಾಲ್ಕು ಜನ ಒಂದೇ ಟಿಕೆಟ್ಟಿನಲ್ಲಿ ಹೊರಟರೆ ಶೇ. 5. ಯಾವ ವಿಮಾನದ ಪಾಯಿಂಟಿಗಿಂತಲೂ ಇದು ನೇರ ಲೆಕ್ಕ. ಹೊಸನಗರದವರು ಬೆಂಗಳೂರಿಗಷ್ಟೇ ಆದರೆ ವಿಮಾನ ಹತ್ತಬೇಡಿ. ಅಲ್ಲಿಂದ ಮುಂದೆ ದೆಹಲಿಗೋ ದುಬೈಗೋ ಹೋಗುವುದಿದ್ದರೆ ಶಿವಮೊಗ್ಗದಿಂದಲೇ ಒಂದೇ ಟಿಕೆಟ್ ಮಾಡಿಸಿ, ಸಾಮಾನಿನ ತಾಪತ್ರಯ ತಪ್ಪುತ್ತದೆ. ಹಳ್ಳಿಗೆ ರಾತ್ರಿ ಬಸ್ಸು ಇನ್ನೂ ಬರುತ್ತಿದ್ದರೆ ಸ್ವಂತ ಬೈಕಿದ್ದರೂ ವಾರಕ್ಕೊಮ್ಮೆಯಾದರೂ ಅದನ್ನು ಹತ್ತಿ, ಟಿಕೆಟ್ ತೆಗೆದುಕೊಳ್ಳಿ. ಇನ್ನು ವಿಮಾನದ ಪಾಯಿಂಟುಗಳಿದ್ದರೆ ಕೂಡಿಡಲು ಹೋಗಬೇಡಿ. ಸಿಕ್ಕ ಮೊದಲ ಟಿಕೆಟ್ಟಿಗೇ ಖರ್ಚು ಮಾಡಿ ಮುಗಿಸಿ.